ಮೂರು ಲೀಟರ್ ಎಣ್ಣೆ

ಆಗುಂಬೆ ಘಾಟಿಯಲ್ಲಿ ಒಟ್ಟು 14 ತಿರುವುಗಳಿವೆ. ಕೆಳಗಿನಿಂದ ಎಣಿಸಿದರೆ ಒಂಬತ್ತನೆಯ ತಿರುವಿನಲ್ಲಿ ನನ್ನ ಕಾರು ನಿಂತುಹೋಯಿತು. 2018ರ ಮೇ ತಿಂಗಳ ಒಂದು ಭಾನುವಾರ ಸಂಜೆ. ಉಡುಪಿಯಲ್ಲಿ ಮದುವೆ ಊಟ ಮುಗಿಸಿಕೊಂಡು ತೀರ್ಥಹಳ್ಳಿಗೆ ಹೊರಟಿದ್ದೆವು. ಕಾರಿನಲ್ಲಿ ಅಮ್ಮ, ಅಕ್ಕ, ನನ್ನ ಹೆಂಡತಿ, ಮಗಳು. ಅಮ್ಮನಿಗೆ ಆಗ ಎಪ್ಪತ್ತನಾಲ್ಕು, ಮಂಡಿನೋವು ಬೇರೆ.

ಈ ಪ್ರಸಂಗವನ್ನು ನಾನು ಹಲವರಿಗೆ ಹಲವು ರೀತಿಯಲ್ಲಿ ಹೇಳಿದ್ದೇನೆ. ಸ್ಟಾಫ್ ರೂಮಿನಲ್ಲಿ ಒಂದು ರೀತಿ, ಮನೆಯಲ್ಲಿ ಒಂದು ರೀತಿ, ಮದುವೆಯ ಮನೆಯವರು ಫೋನ್ ಮಾಡಿ ಕೇಳಿದಾಗ ಮತ್ತೊಂದು ರೀತಿ. ಇಲ್ಲಿ ಮಾತ್ರ ನಡೆದದ್ದನ್ನು ನಡೆದ ಹಾಗೆ ಬರೆಯುತ್ತೇನೆ. ಹಾಗೆ ಬರೆಯಬೇಕಾದ ಋಣವೊಂದು ನನ್ನ ಮೇಲಿದೆ. ಅದೇನೆಂದು ಮುಂದೆ ಗೊತ್ತಾಗುತ್ತದೆ.

ಕಾರು ಕೊಂಡದ್ದು 2012ರಲ್ಲಿ. ಆ ವರ್ಷದ ಮೇ ತಿಂಗಳಲ್ಲಿ ಪೆಟ್ರೋಲ್ ಬೆಲೆ ಒಂದೇ ರಾತ್ರಿಯಲ್ಲಿ ಏಳು ರೂಪಾಯಿಗೂ ಹೆಚ್ಚು ಏರಿತ್ತು. ಡೀಸೆಲ್ ಬೆಲೆ ಇನ್ನೂ ಸರ್ಕಾರದ ಹಿಡಿತದಲ್ಲಿತ್ತು. ಎರಡರ ನಡುವೆ ಲೀಟರಿಗೆ ಮೂವತ್ತು ರೂಪಾಯಿಯ ಆಸುಪಾಸು ಅಂತರ. ನಾನು ಹೈಸ್ಕೂಲಿನ ವಿಜ್ಞಾನದ ಮೇಷ್ಟ್ರು. ಕಾಗದ ಪೆನ್ನು ಹಿಡಿದು ಕೂತೆ. ಪೆಟ್ರೋಲ್ ಕಾರು ಲೀಟರಿಗೆ 16 ಕಿ.ಮೀ. ಕೊಟ್ಟರೆ ಕಿಲೋಮೀಟರಿಗೆ 4 ರೂಪಾಯಿ 70 ಪೈಸೆ ಬೀಳುತ್ತದೆ, ಡೀಸೆಲ್ 20 ಕಿ.ಮೀ. ಕೊಟ್ಟರೆ 2 ರೂಪಾಯಿ 25 ಪೈಸೆ. ಡೀಸೆಲ್ ಕಾರಿಗೆ ಒಂದು ಲಕ್ಷ ಹೆಚ್ಚು ಕೊಟ್ಟರೂ 41 ಸಾವಿರ ಕಿಲೋಮೀಟರಿಗೆ ಅದು ತೀರುತ್ತದೆ, ಆಮೇಲೆ ಓಡಿದ್ದೆಲ್ಲ ಲಾಭ. ಲೆಕ್ಕ ಸರಿಯಾಗಿಯೇ ಇತ್ತು. ಎಂಜಿನ್ ಎಣ್ಣೆ ಬದಲಾಯಿಸುವ ಖರ್ಚಿಗೆ ಮಾತ್ರ ಆ ಕಾಗದದಲ್ಲಿ ಒಂದು ಸಾಲೂ ಇರಲಿಲ್ಲ.

ಆ ಕಾಲದಲ್ಲಿ ಸಣ್ಣ ಡೀಸೆಲ್ ಕಾರು ಎಂದರೆ ಬಹುಪಾಲು ಒಂದೇ ಎಂಜಿನ್. ಇಟಲಿಯ ಫಿಯೆಟ್‌ನವರು ರೂಪಿಸಿದ 1.3 ಲೀಟರಿನ ಮಲ್ಟಿಜೆಟ್. ಅದನ್ನೇ ಮಾರುತಿಯವರು ಡಿಡಿಐಎಸ್ ಎಂದರು, ಟಾಟಾದವರು ಕ್ವಾಡ್ರಾಜೆಟ್ ಎಂದರು. ಸ್ವಿಫ್ಟ್, ಡಿಜೈರ್, ರಿಟ್ಜ್, ಇಂಡಿಕಾ ವಿಸ್ಟಾ, ಪುಂಟೊ, ಲಿನಿಯಾ, ಹೀಗೆ ಹೆಸರು ಬೇರೆ ಬೇರೆಯಾದರೂ ಬಾನೆಟ್ಟಿನ ಕೆಳಗೆ ಇದ್ದದ್ದು ಅದೇ. ಇದನ್ನು ‘ದೇಶದ ಎಂಜಿನ್’ ಎಂದು ಕರೆಯುವವರೂ ಇದ್ದರು. ಇವುಗಳಲ್ಲಿ ನನ್ನದು ಯಾವುದೆಂದು ಹೇಳುವುದಿಲ್ಲ. ಆದ ಅನಾಹುತದಲ್ಲಿ ಮಾಡಿದವರ ತಪ್ಪೂ ಇರಲಿಲ್ಲ, ಮಾರಿದವರ ತಪ್ಪೂ ಇರಲಿಲ್ಲ.

ಕಾರು ಬಂದ ಮೇಲೆ ಅದರ ಬಗ್ಗೆ ಓದಿದೆ, ಓದಿದ್ದನ್ನೆಲ್ಲ ಬಾಯಿಪಾಠ ಮಾಡಿದೆ. 1,248 ಸಿಸಿ, ನಾಲ್ಕು ಸಿಲಿಂಡರ್, ಹದಿನಾರು ವಾಲ್ವ್. ಸಿಲಿಂಡರಿನ ವ್ಯಾಸ 69.6 ಮಿ.ಮೀ., ಪಿಸ್ಟನ್ ಓಡಾಡುವ ದೂರ 82 ಮಿ.ಮೀ. ನಿಮಿಷಕ್ಕೆ 4,000 ಸುತ್ತಿನಲ್ಲಿ 75 ಅಶ್ವಶಕ್ತಿ, 2,000 ಸುತ್ತಿನಲ್ಲಿ 190 ನ್ಯೂಟನ್ ಮೀಟರ್ ತಿರುಚು ಬಲ. ಇಂಟರ್‌ಕೂಲರ್ ಮತ್ತು ರೆಕ್ಕೆ ಹೊರಳಿಸುವ ಟರ್ಬೊ ಇರುವ ಮಾದರಿಯಾದರೆ 90 ಅಶ್ವಶಕ್ತಿ. ಇಡೀ ಎಂಜಿನ್ನಿನ ತೂಕ ಸುಮಾರು 130 ಕೆ.ಜಿ., ನಮ್ಮ ಕಡೆಯ ಎರಡು ಅಡಿಕೆ ಮೂಟೆಯಷ್ಟು. 2003ರಲ್ಲಿ ಪೋಲೆಂಡಿನ ಕಾರ್ಖಾನೆಯಲ್ಲಿ ತಯಾರಾಗತೊಡಗಿ, 2005ರಲ್ಲಿ ತನ್ನ ವರ್ಗದಲ್ಲಿ ವರ್ಷದ ಅತ್ಯುತ್ತಮ ಎಂಜಿನ್ ಎಂಬ ಅಂತಾರಾಷ್ಟ್ರೀಯ ಪ್ರಶಸ್ತಿ ಪಡೆದದ್ದು. ಎಲ್ಲ ಇಂಜೆಕ್ಟರಿಗೂ ಒಂದೇ ಕೊಳವೆಯಿಂದ ಒತ್ತಡದಲ್ಲಿ ಡೀಸೆಲ್ ಹಂಚುವ ಕಾಮನ್ ರೈಲ್ ವಿದ್ಯೆಯನ್ನು ಕಾರಿಗೆ ಒಗ್ಗಿಸಿದ್ದೂ ಫಿಯೆಟ್ ಬಳಗದವರೇ. 1997ರ ಆಲ್ಫಾ ರೋಮಿಯೊ 156 ಅದನ್ನು ಹೊತ್ತ ಮೊದಲ ಕಾರು. ಲಾರಿಯ ಟೈರಿನಲ್ಲಿ ಎಂಟು ಬಾರ್ ಒತ್ತಡ ಇದ್ದರೆ ಈ ಕೊಳವೆಯಲ್ಲಿ 1,400 ಬಾರ್ ಮುಟ್ಟುತ್ತದೆ ಎಂದು ನಾನು ಹೇಳಿದಾಗ ಸ್ಟಾಫ್ ರೂಮಿನಲ್ಲಿ ಚಹಾದ ಲೋಟಗಳು ಕೈಯಲ್ಲೇ ನಿಲ್ಲುತ್ತಿದ್ದವು. ಅದು ನನಗೆ ಬಹಳ ಹಿತವಾಗಿತ್ತು.

ಕಾರು ಕೊಳ್ಳಬೇಕೆಂದಿದ್ದವರು ನನ್ನನ್ನು ಕೇಳಲು ಬರತೊಡಗಿದರು. ಗಣಿತದ ಮೇಷ್ಟ್ರು ಒಬ್ಬರಿದ್ದರು. ನನಗಿಂತ ಹತ್ತು ವರ್ಷ ಚಿಕ್ಕವರು, ಮಿತವಾದ ಮಾತಿನವರು. 2016ರಲ್ಲಿ ನನ್ನ ಮಾತು ನಂಬಿ ಇದೇ ಎಂಜಿನ್ನಿನ ಹಳೆಯ ಕಾರೊಂದನ್ನು ಕೊಂಡರು. ಎಣ್ಣೆ ಎಷ್ಟು ಕಿಲೋಮೀಟರಿಗೆ ಬದಲಾಯಿಸಬೇಕು ಸಾರ್ ಎಂದು ಕೇಳಿದರು. ಕಂಪನಿಯ ಪುಸ್ತಕದಲ್ಲಿ ಹತ್ತು ಸಾವಿರ ಅಂತ ಇರುತ್ತದೆ, ಯುರೋಪಿನಲ್ಲಿ ಇದೇ ಎಂಜಿನ್ನಿಗೆ ಮೂವತ್ತು ಸಾವಿರಕ್ಕೊಮ್ಮೆ ಬದಲಾಯಿಸುತ್ತಾರೆ, ಇಪ್ಪತ್ತಕ್ಕೆ ಮಾಡಿಸಿ ಸಾಕು ಎಂದೆ.

ಮೂವತ್ತು ಸಾವಿರ ಎಂಬ ಅಂಕಿ ಸುಳ್ಳಾಗಿರಲಿಲ್ಲ. ಆದರೆ ಅಲ್ಲಿ ಹಾಕುವ ಎಣ್ಣೆ ಯಾವ ದರ್ಜೆಯದು, ಅಲ್ಲಿನ ದೂಳು ಎಷ್ಟು, ಅಲ್ಲಿನವರು ಒಮ್ಮೆ ಹೊರಟರೆ ಎಷ್ಟು ದೂರ ಓಡಿಸುತ್ತಾರೆ ಎಂಬುದನ್ನು ನಾನು ನೋಡಲಿಲ್ಲ. ನನ್ನ ಕಾರಿನ ದಿನಚರಿ ಎಂದರೆ ಮನೆಯಿಂದ ಶಾಲೆಗೆ ಮೂರು ಕಿಲೋಮೀಟರ್, ಶಾಲೆಯಿಂದ ಮನೆಗೆ ಮೂರು. ಎಂಜಿನ್ ಪೂರ್ತಿ ಬಿಸಿಯಾಗುವಷ್ಟರಲ್ಲಿ ಶಾಲೆಯ ಗೇಟು ಬಂದಿರುತ್ತಿತ್ತು. ಡೀಸೆಲ್ ಎಂಜಿನ್ನಿಗೆ ಇದರಷ್ಟು ಕೆಟ್ಟ ಬಳಕೆ ಬೇರೆಯಿಲ್ಲ. ಮಸಿ ಸುಟ್ಟು ಹೋಗುವುದಿಲ್ಲ, ಎಣ್ಣೆಯಲ್ಲಿ ಸೇರುತ್ತದೆ, ಗಾಳಿಯ ದಾರಿಯಲ್ಲಿ ಮೆತ್ತಿಕೊಳ್ಳುತ್ತದೆ. ನಾಲ್ಕನೆಯ ವರ್ಷದಲ್ಲೇ ಕಾರು ಒಮ್ಮೆ ಎಳೆಯದೆ ಕಪ್ಪು ಹೊಗೆ ಉಗುಳಿತ್ತು. ಹೊಗೆಯ ಒಂದು ಪಾಲನ್ನು ಮತ್ತೆ ಎಂಜಿನ್ನಿಗೇ ತಿರುಗಿಸುವ ಇಜಿಆರ್ ವಾಲ್ವು ಮಸಿಯಿಂದ ಕಟ್ಟಿಕೊಂಡಿತ್ತು. ಬಿಚ್ಚಿ ತೊಳೆಸಿದೆ. ಆ ವಾಲ್ವಿನಲ್ಲಿ ಅಷ್ಟು ಮಸಿ ಇದ್ದರೆ ಎಣ್ಣೆಯಲ್ಲಿ ಎಷ್ಟಿರಬಹುದು ಎಂದು ಆಗ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಸದ್ದನ್ನು ಮೊದಲು ಕೇಳಿಸಿಕೊಂಡದ್ದು ನನ್ನ ಹೆಂಡತಿ. 2017ರ ಚಳಿಗಾಲ. ಬೆಳಿಗ್ಗೆ ಕಾರು ಸ್ಟಾರ್ಟ್ ಮಾಡಿದ ಕೂಡಲೇ ಎರಡು ಮೂರು ಸೆಕೆಂಡು ಕರಕರ ಸದ್ದು, ಆಮೇಲೆ ಮಾಮೂಲು. ಅವಳು ಅಡುಗೆಮನೆಯ ಕಿಟಕಿಯಿಂದ ಕೂಗಿ ಕೇಳಿದಳು: “ಇದ್ಯಾಕ್ರೀ ಹಿಂಗೆ ಸದ್ದು ಮಾಡ್ತದೆ? ತಗಡಿನ ಡಬ್ಬಿಯಲ್ಲಿ ಬೆಣಚುಕಲ್ಲು ಹಾಕಿ ಅಲ್ಲಾಡಿಸಿದ ಹಂಗೆ?” ಡೀಸೆಲ್ ಗಾಡಿ ಸದ್ದು ಮಾಡದೆ ಇರುತ್ತದೆಯೇ ಎಂದೆ. “ಮುಂಚೆ ಹಿಂಗೆ ಬರ್ತಿರ್ಲಿಲ್ಲ” ಎಂದಳು. ಆಗ ನಾನು ಅವಳಿಗೆ ಕಾಮನ್ ರೈಲ್ ವಿವರಿಸಿದೆ. ಒಂದೇ ಸಲಕ್ಕೆ ಡೀಸೆಲ್ ಸುರಿಯದೆ ನಾಲ್ಕೈದು ಸಣ್ಣ ಕಂತುಗಳಲ್ಲಿ ಚಿಮ್ಮಿಸುತ್ತದೆ, ಅದರ ಸದ್ದು ಎಂದೆ. ಅವಳು ಮರುಮಾತಾಡಲಿಲ್ಲ. ಮುಂದೊಂದು ದಿನ ಮತ್ತೆ ಹೇಳಿದಳು. ಮೂರನೆಯ ಸಲ ಹೇಳಿದಾಗ ನಾನು ರೇಗಿದೆ. ನಾಲ್ಕನೆಯ ಸಲ ಅವಳು ಹೇಳಲಿಲ್ಲ.

ನನ್ನ ವಿವರಣೆಯಲ್ಲಿ ಇಂಜೆಕ್ಷನ್ನಿನ ಮಾತು ನಿಜವೇ. ಆ ಸದ್ದು ಮಾತ್ರ ಅದರದಾಗಿರಲಿಲ್ಲ. ಅದು ಟೈಮಿಂಗ್ ಚೈನಿನ ಸದ್ದು. ಕೆಳಗಿನ ಕ್ರ್ಯಾಂಕಿಗೂ ಮೇಲೆ ವಾಲ್ವು ತೆರೆದು ಮುಚ್ಚುವ ಕ್ಯಾಮಿಗೂ ನಡುವೆ ಸೈಕಲ್ ಚೈನಿನಂಥ ಒಂದು ಕಬ್ಬಿಣದ ಚೈನ್ ಇದೆ. ಬೇರೆ ಎಷ್ಟೋ ಎಂಜಿನ್ನುಗಳಲ್ಲಿ ಅಲ್ಲಿ ರಬ್ಬರಿನ ಬೆಲ್ಟ್ ಇರುತ್ತದೆ, ಕಾಲಕಾಲಕ್ಕೆ ಬದಲಾಯಿಸಬೇಕು. ಇದರಲ್ಲಿ ಚೈನ್ ಆದ್ದರಿಂದ ಬದಲಾಯಿಸುವ ಗೊಡವೆಯಿಲ್ಲ, ಎಂಜಿನ್ ಇರುವಷ್ಟು ದಿನ ಇರುತ್ತದೆ ಎಂದು ಓದಿ ನೆಮ್ಮದಿಯಾಗಿದ್ದೆ. ಚೈನನ್ನು ಬಿಗಿಯಾಗಿ ಹಿಡಿದಿಡುವ ಟೆನ್ಶನರ್ ಕೆಲಸ ಮಾಡುವುದು ಎಣ್ಣೆಯ ಒತ್ತಡದಿಂದ ಎಂಬುದನ್ನೂ ಅದೇ ಪುಟದಲ್ಲಿ ಓದಿದ್ದಿರಬೇಕು. ಎಣ್ಣೆ ಹಳತಾಗಿ ಮಸಿ ತುಂಬಿದರೆ ಚೈನಿನ ಕೊಂಡಿಗಳ ಪಿನ್ನು ಸವೆಯುತ್ತದೆ, ಒಂದೊಂದು ಕೊಂಡಿಯಲ್ಲಿ ಕೂದಲೆಳೆಯಷ್ಟು ಸವೆದರೂ ಇಡೀ ಚೈನು ಉದ್ದವಾಗುತ್ತದೆ. ಬೆಳಗಿನ ಚಳಿಯಲ್ಲಿ ಎಣ್ಣೆ ಮೇಲೇರಿ ಟೆನ್ಶನರನ್ನು ತಳ್ಳುವವರೆಗೆ ಸಡಿಲ ಚೈನು ತಗಡಿಗೆ ಬಡಿಯುತ್ತದೆ. ಆ ಎರಡು ಮೂರು ಸೆಕೆಂಡಿನ ಸದ್ದನ್ನೇ ಅವಳು ಹಿಡಿದದ್ದು.

ಶಾಲೆಯಲ್ಲಿ ನಾನು ಪ್ರತಿ ವರ್ಷ ಪ್ಯಾಸ್ಕಲ್ ನಿಯಮ ಪಾಠ ಮಾಡುತ್ತಿದ್ದೆ. ದ್ರವದ ಒತ್ತಡದಿಂದ ಪಿಸ್ಟನ್ ಹೇಗೆ ಚಲಿಸುತ್ತದೆ ಎಂದು ಹಲಗೆಯ ಮೇಲೆ ಚಿತ್ರ ಬರೆಯುತ್ತಿದ್ದೆ. ಆ ಹೊತ್ತಿಗೆ ಅದೇ ನಿಯಮದ ಮೇಲೆ ನಿಂತ ಒಂದು ಪುಟ್ಟ ಪಿಸ್ಟನ್ ಶಾಲೆಯ ಅಂಗಳದಲ್ಲಿ, ನನ್ನ ಕಾರಿನೊಳಗೆ, ಎಣ್ಣೆಯಿಲ್ಲದೆ ಸೋಲುತ್ತಿತ್ತು.

44 ಸಾವಿರ ಕಿಲೋಮೀಟರಿನಲ್ಲಿ ಎಣ್ಣೆ ಬದಲಾಯಿಸಿದ್ದು ಕೊನೆ. ಆಮೇಲೆ ಅರುವತ್ತನಾಲ್ಕಕ್ಕೆ ಮಾಡಿಸಬೇಕೆಂದುಕೊಂಡಿದ್ದೆ. ನಾನೇ ಹಾಕಿಕೊಂಡ ಇಪ್ಪತ್ತರ ಗಡುವೂ ದಾಟಿತು. ಮಾರ್ಚ್‌ನಲ್ಲಿ ಎಸ್ಸೆಸ್ಸೆಲ್ಸಿ ಪರೀಕ್ಷೆ, ಏಪ್ರಿಲ್‌ನಲ್ಲಿ ಮೌಲ್ಯಮಾಪನ, ಮೇ 12ಕ್ಕೆ ವಿಧಾನಸಭೆ ಚುನಾವಣೆಯ ಡ್ಯೂಟಿ. ಕಾರಣಗಳಿಗೆ ಬರವಿರಲಿಲ್ಲ. ಕಾರಿನ ಮೀಟರು 68 ಸಾವಿರ ತೋರಿಸುತ್ತಿದ್ದಾಗ ಮದುವೆಗೆ ಹೊರಟೆವು.

ಬೆಳಿಗ್ಗೆ ಘಾಟಿ ಇಳಿಯುವಾಗಲೇ ತಿರುವುಗಳಲ್ಲಿ ಕೆಂಪು ದೀಪ ಮಿಂಚಿ ಆರುತ್ತಿತ್ತು. ಎಣ್ಣೆಯ ಹೂಜಿಯ ಚಿತ್ರವಿರುವ ದೀಪ. ನೇರ ರಸ್ತೆಗೆ ಬಂದರೆ ಇಲ್ಲ, ತಿರುವಿನಲ್ಲಿ ಮಾತ್ರ. ವೈರು ಸಡಿಲವಾಗಿದೆ ಎಂದುಕೊಂಡೆ. ಎಣ್ಣೆ ಕಡಿಮೆಯಾಗಿದ್ದರೆ ದೀಪ ಒಂದೇ ಸಮ ಉರಿಯಬೇಕಲ್ಲ ಎಂಬುದು ನನ್ನ ತರ್ಕ. ಆ ದೀಪ ಎಣ್ಣೆ ಎಷ್ಟಿದೆ ಎಂದು ಹೇಳುವುದಿಲ್ಲ, ಎಣ್ಣೆಗೆ ಒತ್ತಡ ಇದೆಯೋ ಇಲ್ಲವೋ ಎಂದು ಹೇಳುತ್ತದೆ. ತಳದಲ್ಲಿ ಉಳಿದ ಒಂದಿಷ್ಟು ಎಣ್ಣೆ ತಿರುವಿನಲ್ಲಿ ಒಂದು ಬದಿಗೆ ವಾಲಿದಾಗ ಪಂಪು ಗಾಳಿ ಹೀರುತ್ತದೆ, ದೀಪ ಮಿಂಚುತ್ತದೆ. ಅಂದರೆ ಬೆಳಿಗ್ಗೆಯೇ ಕಾರು ನನಗೆ ತನಗೆ ತಿಳಿದಷ್ಟನ್ನು ಹೇಳಿ ಮುಗಿಸಿತ್ತು.

ಸಂಜೆ ಸೋಮೇಶ್ವರ ದಾಟಿ ಏರು ಶುರುವಾಯಿತು. ಈ ಎಂಜಿನ್ 2,000 ಸುತ್ತಿನ ಕೆಳಗೆ ಸೋಮಾರಿ, ಟರ್ಬೊ ಎದ್ದ ಮೇಲೆ ಕುದುರೆ. ತೀರಾ ಬಾಗಿದ ತಿರುವಿನಲ್ಲಿ ಸುತ್ತು 1,200ಕ್ಕೆ ಇಳಿಯುತ್ತದೆ, ಕಾರು ಎಳೆಯುವುದಿಲ್ಲ. ಆಗ ಫಸ್ಟ್ ಗೇರಿಗೆ ಹಾಕಬೇಕು. ನಾನು ಎರಡನೆಯ ಗೇರಿನಲ್ಲೇ ಕ್ಲಚ್ ಅರ್ಧ ಒತ್ತಿ ಎಳೆಸುತ್ತಿದ್ದೆ, ಅದೂ ಎಷ್ಟೋ ವರ್ಷದ ಕೆಟ್ಟ ಅಭ್ಯಾಸ. ಏಳನೆಯ ತಿರುವಿನಲ್ಲಿ ಸುಟ್ಟ ವಾಸನೆ ಬಂತು. ಎಂಟರಲ್ಲಿ ಅದೇ ಕರಕರ, ಈ ಸಲ ನಿಲ್ಲದೆ. ಹೆಂಡತಿ ನನ್ನ ಮುಖ ನೋಡಿದಳು, ಏನೂ ಹೇಳಲಿಲ್ಲ. ಒಂಬತ್ತರಲ್ಲಿ ಒಳಗಿನಿಂದ ಟಕ್ಕೆಂದು ಏನೋ ಮುರಿದ ಸದ್ದಾಗಿ ಎಂಜಿನ್ ನಿಂತಿತು. ಕಾರು ಹಿಂದಕ್ಕೆ ಜಾರತೊಡಗಿದಾಗ ಅಮ್ಮ “ಅಯ್ಯೋ ಮಗಾ” ಎಂದು ಕೂಗಿದ್ದು ಈಗಲೂ ಕಿವಿಯಲ್ಲಿದೆ. ಹ್ಯಾಂಡ್ ಬ್ರೇಕ್ ಎಳೆದೆ. ಮಗಳು ಇಳಿದು ಚಕ್ರಕ್ಕೆ ಕಲ್ಲು ಕೊಟ್ಟಳು.

ಭಾನುವಾರ ಸಂಜೆಯೆಂದರೆ ಆಗುಂಬೆಯ ಸೂರ್ಯಾಸ್ತ ನೋಡಲು ಹೋಗುವವರ ಸಾಲು. ನನ್ನ ಕಾರಿನ ಹಿಂದೆ ಐದು ನಿಮಿಷದಲ್ಲಿ ಇಪ್ಪತ್ತು ಗಾಡಿ ನಿಂತವು, ಹಾರ್ನ್ ಶುರುವಾಯಿತು. ಯಾರೋ ಹುಡುಗರು ಇಳಿದು ಬಂದು ಕಾರನ್ನು ಬದಿಗೆ ತಳ್ಳಿಕೊಟ್ಟರು. ಸ್ವಲ್ಪ ಹೊತ್ತಿಗೆ ಮಿನಿ ಬಸ್ಸು ಬಂತು. ಆ ಘಾಟಿಯಲ್ಲಿ ದೊಡ್ಡ ಬಸ್ಸು ಓಡುವುದಿಲ್ಲ. ಇರುವ ಮಿನಿ ಬಸ್ಸು ಮದುವೆ ಸೀಸನ್ನಿನಲ್ಲಿ ಬಾಗಿಲವರೆಗೂ ತುಂಬಿರುತ್ತದೆ. ರೇಷ್ಮೆ ಸೀರೆ ಉಟ್ಟ ಅಮ್ಮನನ್ನು ಅಕ್ಕ ಮತ್ತು ಹೆಂಡತಿ ಎರಡೂ ಕಡೆ ಹಿಡಿದು ಹತ್ತಿಸಿದರು. ಅಮ್ಮ ಕಂಬಿ ಹಿಡಿದು ನಿಂತದ್ದು ಕಿಟಕಿಯಲ್ಲಿ ಕಂಡಿತು. ಮುಂದೆ ಯಾರೋ ಸೀಟು ಬಿಟ್ಟುಕೊಟ್ಟರಂತೆ. ಅದು ನಾನು ರಾತ್ರಿ ಮನೆಗೆ ಬಂದ ಮೇಲೆ ತಿಳಿದದ್ದು. ಅಲ್ಲಿಯವರೆಗೂ ನನ್ನ ಕಣ್ಣೆದುರು ಅಮ್ಮ ನಿಂತೇ ಇದ್ದಳು.

ತೀರ್ಥಹಳ್ಳಿಯಿಂದ ಎಳೆದೊಯ್ಯುವ ಗಾಡಿ ಬರುವಾಗ ರಾತ್ರಿ ಒಂಬತ್ತೂವರೆ. ಅಷ್ಟು ಹೊತ್ತು ನಾನೊಬ್ಬನೇ. ಜೀರುಂಡೆಗಳ ಸದ್ದು, ಆಗಾಗ ಒಂದು ಗಾಡಿಯ ಬೆಳಕು. ಮಾಡಲು ಏನೂ ಇಲ್ಲದೆ ಬಾನೆಟ್ ಎತ್ತಿದೆ. ಎಣ್ಣೆ ಅಳೆಯುವ ಕಡ್ಡಿ, ಡಿಪ್‌ಸ್ಟಿಕ್, ಎಲ್ಲಿದೆ ಎಂದು ಮೊಬೈಲಿನ ಬೆಳಕಿನಲ್ಲಿ ಹುಡುಕಿದೆ. ಹುಡುಕಬೇಕಾಯಿತು. ಆರು ವರ್ಷ ಓಡಿಸಿದ ಕಾರಿನಲ್ಲಿ ಅದು ಎಲ್ಲಿದೆ ಎಂಬುದು ನನಗೆ ಗೊತ್ತಿರಲಿಲ್ಲ. ಸಿಲಿಂಡರಿನ ವ್ಯಾಸವನ್ನು ಮಿಲಿಮೀಟರಿನ ಹತ್ತನೆಯ ಒಂದರವರೆಗೆ ಹೇಳಬಲ್ಲವನಿಗೆ ಆ ಕಡ್ಡಿಯ ಹಿಡಿ ಯಾವ ಬಣ್ಣದ್ದು ಎಂದು ತಿಳಿದಿರಲಿಲ್ಲ. ಎಳೆದೆ. ಕರ್ಚೀಫಿನಲ್ಲಿ ಒರೆಸಿ ಮತ್ತೆ ಇಳಿಸಿ ಎಳೆದೆ. ಒಣಗಿತ್ತು. ತುತ್ತತುದಿಯಲ್ಲಿ ಮಾತ್ರ ಕಾಡಿಗೆಯಂಥ ಒಂದು ಹನಿ.

ಆ ಎಂಜಿನ್ನಿಗೆ ಬೇಕಾದದ್ದು ಸುಮಾರು ಮೂರು ಲೀಟರ್ ಎಣ್ಣೆ. ಬರೀ ಮೂರು.

ಆಗಲೇ ಮನೆಯಿಂದ ಫೋನ್ ಬಂತು. ಏನಾಗಿದೆಯಂತೆ ಎಂದು ಹೆಂಡತಿ ಕೇಳಿದಳು. “ಒಳಗೆ ಏನೋ ಕಟ್ ಆಗಿದೆ, ಕಂಪನಿಯ ಪಾರ್ಟೇ ಸರಿಯಿಲ್ಲ” ಎಂದೆ. ಕೈಯಲ್ಲಿ ಆ ಕಡ್ಡಿ ಹಿಡಿದುಕೊಂಡೇ ಹೇಳಿದೆ.

ಊರಿನ ಗ್ಯಾರೇಜಿನ ಯಜಮಾನರನ್ನು ಎಲ್ಲರೂ ಭಾಯಿ ಎನ್ನುತ್ತಾರೆ. ಕೆಳಗಿನ ಬೋಲ್ಟು ಬಿಚ್ಚಿದಾಗ ಬಂದ ಎಣ್ಣೆ ಒಂದೂಕಾಲು ಲೀಟರ್ ಇತ್ತೋ ಇಲ್ಲವೋ. ಡಾಂಬರಿನಂತೆ ನಿಧಾನವಾಗಿ ಇಳಿಯಿತು. ಮೇಲಿನ ಮುಚ್ಚಳ ತೆಗೆದಾಗ ಚೈನು ಹಲ್ಲು ತಪ್ಪಿ ಜಿಗಿದಿತ್ತು. ವಾಲ್ವು ಒತ್ತುವ ಪುಟ್ಟ ರಾಕರ್‌ಗಳು ಮುರಿದು ಬಿದ್ದಿದ್ದವು, ನಾಲ್ಕು ವಾಲ್ವು ಬಾಗಿದ್ದವು. ಟರ್ಬೊದ ಶಾಫ್ಟು ಕೈಯಲ್ಲಿ ಹಿಡಿದರೆ ಆಚೀಚೆ ಅಲ್ಲಾಡುತ್ತಿತ್ತು. “ಇದು ನಿಮಿಷಕ್ಕೆ ಲಕ್ಷದ ಮೇಲೆ ಸುತ್ತುತ್ತೆ ಮೇಷ್ಟ್ರೇ, ಇದಕ್ಕೆ ಬಾಲ್ ಬೇರಿಂಗ್ ಇಲ್ಲ. ಎಣ್ಣೆ ಮೇಲೆ ತೇಲ್ಕೊಂಡು ಸುತ್ತಬೇಕು” ಎಂದರು. ಏರು ಹತ್ತಿ ಬಂದ ಕೂಡಲೇ ಎಂಜಿನ್ ಆರಿಸಿಬಿಟ್ಟರೆ ಕೆಂಪಗೆ ಕಾದ ಟರ್ಬೊದೊಳಗೆ ಎಣ್ಣೆ ಸೀದು ಕರಿಕಟ್ಟುತ್ತದೆ, ಒಂದು ನಿಮಿಷ ಹಾಗೇ ಓಡಲು ಬಿಡಬೇಕು ಎಂದೂ ಹೇಳಿದರು. ಆಮೇಲೆ ಕೊನೆಯ ಸಲ ಎಣ್ಣೆ ಬದಲಾಯಿಸಿದ್ದು ಯಾವಾಗ ಎಂದು ಕೇಳಿದರು. ಹೇಳಿದೆ. ಅವರು ಬೈಯಲಿಲ್ಲ. ಕೈ ಒರೆಸಿಕೊಂಡು, “ಟೀ ಕುಡಿತೀರಾ?” ಎಂದರು. ಬೈದಿದ್ದರೆ ಸಹಿಸಬಹುದಿತ್ತು.

ಬಿಲ್ಲು 62 ಸಾವಿರ. ಎಣ್ಣೆ ಮತ್ತು ಫಿಲ್ಟರ್ ಬದಲಾಯಿಸಲು ಆಗ ಎರಡೂವರೆ ಸಾವಿರ ಸಾಕಿತ್ತು. 2014ರ ಅಕ್ಟೋಬರಿನಲ್ಲಿ ಡೀಸೆಲ್ ಬೆಲೆಯನ್ನೂ ಮಾರುಕಟ್ಟೆಗೆ ಬಿಟ್ಟ ಮೇಲೆ ಪೆಟ್ರೋಲಿಗೂ ಅದಕ್ಕೂ ಇದ್ದ ಅಂತರ ಬಹುಪಾಲು ಕರಗಿಹೋಗಿತ್ತು. ಆರು ವರ್ಷದಲ್ಲಿ ಡೀಸೆಲಿನಿಂದ ಉಳಿದದ್ದು ಏನಿತ್ತೋ ಅದೆಲ್ಲ ಆ ಒಂದು ಕಾಗದದಲ್ಲಿ ಹೋಯಿತು. ಇಷ್ಟಕ್ಕೇ ಮುಗಿದಿದ್ದರೆ ನಾನು ಇದನ್ನು ಬರೆಯುತ್ತಿರಲಿಲ್ಲ.

ಜೂನ್‌ನಲ್ಲಿ ಶಾಲೆ ಶುರುವಾದಾಗ ಎಲ್ಲರೂ ಕೇಳಿದರು. ಟೈಮಿಂಗ್ ಚೈನು ಹೋಯಿತು, ತಯಾರಿಕೆಯಲ್ಲೇ ದೋಷ ಎಂದೆ. ಚೈನು ಹೋದದ್ದು ನಿಜವಾದ್ದರಿಂದ ಹೇಳುವುದು ಸುಲಭವಾಯಿತು. ಗಣಿತದ ಮೇಷ್ಟ್ರು ಮಾತ್ರ ಸಂಜೆ ಒಬ್ಬರೇ ಬಂದರು. “ಸಾರ್, ನಂದೂ ಅದೇ ಎಂಜಿನ್ ಅಲ್ವಾ. ನಾನೇನಾದ್ರೂ ಚೆಕ್ ಮಾಡಿಸ್ಬೇಕಾ?” ಉತ್ತರ ಒಂದೇ ವಾಕ್ಯದ್ದು: ಎಣ್ಣೆ ನೋಡಿಸಿ, ನಾನು ಹೇಳಿದ ಇಪ್ಪತ್ತು ಸಾವಿರ ತಪ್ಪು. ಆ ವಾಕ್ಯ ನನ್ನ ಬಾಯಿಂದ ಹೊರಡಲಿಲ್ಲ. ಹೊರಟಿದ್ದರೆ, ಆರು ವರ್ಷ ಸ್ಟಾಫ್ ರೂಮಿನಲ್ಲಿ ನಾನು ಆಡಿದ್ದೆಲ್ಲ ಏನಾಗುತ್ತಿತ್ತು ಎಂದು ಹೆದರಿದೆ. “ನಿಮ್ಮದು ಬೇರೆ ವರ್ಷದ್ದು. ಏನೂ ಆಗಲ್ಲ” ಎಂದೆ.

ನವೆಂಬರಿನಲ್ಲಿ ಅವರು ತಂದೆಯನ್ನು ಕಣ್ಣಿನ ಆಪರೇಷನ್ನಿಗೆ ಶಿವಮೊಗ್ಗಕ್ಕೆ ಕರೆದೊಯ್ಯುತ್ತಿದ್ದಾಗ ಮಂಡಗದ್ದೆಯ ಹತ್ತಿರ ಕಾರಿನ ಹಿಂದೆ ನೀಲಿ ಹೊಗೆ ಎದ್ದಿತು. ಟರ್ಬೊ ಹೋಗಿತ್ತು. ಅದೃಷ್ಟಕ್ಕೆ ಅವರು ತಕ್ಷಣ ಆರಿಸಿದರು. ಟರ್ಬೊದ ಸೀಲು ಒಡೆದು ಎಣ್ಣೆ ಸಿಲಿಂಡರಿಗೆ ನುಗ್ಗಿದರೆ ಡೀಸೆಲ್ ಎಂಜಿನ್ ಆ ಎಣ್ಣೆಯನ್ನೇ ಕುಡಿದು, ಕೀ ತಿರುಗಿಸಿದರೂ ನಿಲ್ಲದೆ, ತನ್ನನ್ನು ತಾನೇ ಸುಟ್ಟುಕೊಳ್ಳುವವರೆಗೂ ಓಡುವುದುಂಟು. ಆಪರೇಷನ್ ಅಂದು ಆಗಲಿಲ್ಲ, ಮೂರು ವಾರ ಮುಂದೆ ಹೋಯಿತು. ಖರ್ಚು 38 ಸಾವಿರ. ಕಾರು ಭಾಯಿಯ ಗ್ಯಾರೇಜಿಗೇ ಬಂತು. ನಾನು ನೋಡಲು ಹೋದಾಗ ಭಾಯಿ ನನ್ನನ್ನು ಬದಿಗೆ ಕರೆದು ಮೆಲ್ಲಗೆ ಕೇಳಿದರು: “ಇವರಿಗೆ ಹೇಳಿರ್ಲಿಲ್ವಾ ಮೇಷ್ಟ್ರೇ?”

ಆ ಪ್ರಶ್ನೆಗೆ ಇವತ್ತಿಗೂ ನನ್ನಲ್ಲಿ ಉತ್ತರವಿಲ್ಲ. ಘಾಟಿಯಲ್ಲಿ ಅಮ್ಮ ಬಸ್ಸಿನ ಕಂಬಿ ಹಿಡಿದು ನಿಂತಾಗ ಆದ ನಾಚಿಕೆ ಒಂದು ತೂಕವಾದರೆ ಇದು ಬೇರೆಯದೇ ತೂಕ. ಮೊದಲನೆಯದರಲ್ಲಿ ನಾನು ತಿಳಿಯದೆ ತಪ್ಪಿದೆ. ಎರಡನೆಯದರಲ್ಲಿ ತಿಳಿದೂ ಸುಮ್ಮನಿದ್ದೆ. ವಯಸ್ಸಾದ ಮನುಷ್ಯರೊಬ್ಬರು ಕಣ್ಣಿಗೆ ಪಟ್ಟಿಯಿಲ್ಲದೆ, ಕಾಣದ ಕಣ್ಣಿನಲ್ಲೇ, ಮಂಡಗದ್ದೆಯ ರಸ್ತೆ ಬದಿಯಲ್ಲಿ ಕೂತು ಬಸ್ಸಿಗೆ ಕಾದದ್ದು ನನ್ನ ಆ ಒಂದು ಸುಮ್ಮನಿರುವಿಕೆಯಿಂದ.

ಅಂದು ಸಂಜೆಯೇ ಗಣಿತದ ಮೇಷ್ಟ್ರ ಮನೆಗೆ ಹೋಗಿ ಎಲ್ಲ ಹೇಳಿದೆ. ಒಣಗಿದ ಕಡ್ಡಿಯ ಸಮೇತ. ಅವರು ತಲೆ ತಗ್ಗಿಸಿ ಕೇಳಿಸಿಕೊಂಡರು. ಕೊನೆಗೆ, “ಜೂನ್‌ನಲ್ಲೇ ಹೇಳಿದ್ರೆ ಎರಡೂವರೆ ಸಾವಿರದಲ್ಲಿ ಮುಗೀತಿತ್ತಲ್ಲ ಸಾರ್” ಎಂದರು, ಅಷ್ಟೇ. ಅರ್ಧ ಖರ್ಚು ಕೊಡಲು ಹೋದೆ, ತೆಗೆದುಕೊಳ್ಳಲಿಲ್ಲ. ಆ ವರ್ಷ ಮುಗಿಯುವವರೆಗೂ ಸ್ಟಾಫ್ ರೂಮಿನಲ್ಲಿ ನನ್ನ ಪಕ್ಕದ ಕುರ್ಚಿಯಲ್ಲಿ ಅವರು ಕೂರಲಿಲ್ಲ. ನಾನು ಕಾರಿನ ಮಾತು ತೆಗೆಯುವುದನ್ನು ಬಿಟ್ಟೆ.

ಹೆಂಡತಿಗೂ ಹೇಳಿದೆ. ಅವಳಿಗೆ ಹೇಳುವುದು ಇನ್ನೂ ಕಷ್ಟವಾಗಿತ್ತು. ಹೊರಗಿನವರ ಮುಂದೆ ನಾನು ಅಂಕಿಗಳನ್ನು ಹೇಳಿದ್ದು ಮೆಚ್ಚುಗೆಗಾಗಿ. ಅವಳ ಮುಂದೆ ಹೇಳಿದ್ದು ಅವಳ ಬಾಯಿ ಮುಚ್ಚಿಸಲು. ಅವಳಿಗೆ ಡ್ರೈವಿಂಗ್ ಬರುವುದಿಲ್ಲ, ಎಂಜಿನ್ನಿನ ಒಂದು ಭಾಗದ ಹೆಸರೂ ಗೊತ್ತಿಲ್ಲ. ಆದರೆ ಒಗ್ಗರಣೆ ಸೀದುಹೋಗುವ ಮುಂಚೆ ಸದ್ದಿನಲ್ಲೇ ಹಿಡಿಯುವ ಕಿವಿ ಅದು. ನಿನ್ನೆ ಇದ್ದ ಹಾಗೆ ಇವತ್ತು ಇಲ್ಲ ಎಂಬುದನ್ನು ಗುರುತಿಸಲು ಅದಕ್ಕಿಂತ ಹೆಚ್ಚಿನ ವಿದ್ಯೆ ಬೇಕಿರಲಿಲ್ಲ. ನಾನು ಹೇಳಿದ್ದಕ್ಕೆಲ್ಲ ಅವಳು, “ಸದ್ದು ಬರ್ತಾ ಇತ್ತು, ಅದಕ್ಕೆ ಹೇಳಿದೆ” ಎಂದಳು. ಎಂಜಿನ್ ರಿಪೇರಿಯಾಗಿ ಬಂದ ಮಾರನೆಯ ಬೆಳಿಗ್ಗೆ ನಾನು ಕೀ ತಿರುಗಿಸುವಾಗ ಅವಳು ಅಡುಗೆಮನೆಯಿಂದ ಅಂಗಳಕ್ಕೆ ಬಂದು ನಿಂತು ಕಿವಿಗೊಟ್ಟು ಕೇಳಿದ್ದಳು, “ಈಗ ಸರಿ ಇದೆ” ಎಂದು ಒಳಗೆ ಹೋಗಿದ್ದಳು.

ಆ ಎಂಜಿನ್ ಕೆಟ್ಟದ್ದಲ್ಲ. ಎಣ್ಣೆಗೆ ಮೋಸ ಮಾಡದ ಟ್ಯಾಕ್ಸಿಯವರು ಮೂರು ಲಕ್ಷ ಕಿಲೋಮೀಟರ್ ಓಡಿಸಿದ್ದನ್ನು ಕಂಡಿದ್ದೇನೆ. 2020ರ ಏಪ್ರಿಲ್ 1ರಿಂದ ಬಿಎಸ್ 6 ನಿಯಮ ಬಂದಾಗ ನಮ್ಮ ದೇಶದಲ್ಲಿ ಅದರ ಕಾಲ ಮುಗಿಯಿತು. ಈಗ ರಸ್ತೆಯಲ್ಲಿ ಇರುವುವೆಲ್ಲ ಹಳೆಯವು, ಎರಡನೆಯ ಮೂರನೆಯ ಕೈಗೆ ದಾಟಿದವು. ಹೊಸದಾಗಿ ಕೆಲಸಕ್ಕೆ ಸೇರಿದ ಹುಡುಗರು, ಊರಿನಲ್ಲಿ ತೋಟ ನೋಡಿಕೊಳ್ಳುವವರು ಎರಡು ಲಕ್ಷಕ್ಕೋ ಎರಡೂವರೆಗೋ ಕೊಳ್ಳುತ್ತಿದ್ದಾರೆ. ಪಾಲಿಶ್ ಮಾಡಿಸಿದ ಬಣ್ಣ ನೋಡುತ್ತಾರೆ, ಟೈರು ನೋಡುತ್ತಾರೆ.

ಅವರಿಗೆ ನನ್ನದೊಂದು ಬಿನ್ನಹ. ಕೊಳ್ಳುವ ಮುಂಚೆ ಎಣ್ಣೆ ಬದಲಾಯಿಸಿದ ಬಿಲ್ಲುಗಳನ್ನು ಕೇಳಿ. ಇಲ್ಲವೆಂದರೆ ಬೆಳಿಗ್ಗೆ ಬೇಗ ಹೋಗಿ, ರಾತ್ರಿಯಿಡೀ ನಿಂತು ತಣ್ಣಗಿರುವ ಎಂಜಿನ್ನನ್ನು ನಿಮ್ಮೆದುರೇ ಸ್ಟಾರ್ಟ್ ಮಾಡಿಸಿ ಮೊದಲ ಮೂರು ಸೆಕೆಂಡು ಕಿವಿಗೊಡಿ. ಈಗಾಗಲೇ ಕೊಂಡಿದ್ದರೆ ಹತ್ತು ಸಾವಿರ ಕಿಲೋಮೀಟರ್ ಅಥವಾ ಒಂದು ವರ್ಷ, ಯಾವುದು ಮೊದಲೋ ಆಗ ಎಣ್ಣೆ ಬದಲಾಯಿಸಿ, ಪುಸ್ತಕದಲ್ಲಿ ಹೇಳಿದ ದರ್ಜೆಯದನ್ನೇ ಹಾಕಿಸಿ. ನಡುವೆ ತಿಂಗಳಿಗೊಮ್ಮೆ ಸಮನಾದ ನೆಲದಲ್ಲಿ ಕಾರು ನಿಲ್ಲಿಸಿ, ಎಂಜಿನ್ ತಣಿದ ಮೇಲೆ ಡಿಪ್‌ಸ್ಟಿಕ್ ಎಳೆದು, ಒರೆಸಿ, ಮತ್ತೆ ಇಳಿಸಿ ನೋಡಿ. ಎಣ್ಣೆಯ ಗುರುತು ಎರಡು ಗೆರೆಗಳ ನಡುವೆ ಇರಬೇಕು. ಒಂದು ನಿಮಿಷದ ಕೆಲಸ. ನಾಳೆ ಬೆಳಿಗ್ಗೆಯೇ ಮಾಡಿ. ಮನೆಯವರು ಯಾರಾದರೂ ಸದ್ದು ಬರ್ತಿದೆ ಎಂದಿದ್ದರೆ ಇವತ್ತೇ ಮಾಡಿ.